ಹಗ್ಗ ಮುಟ್ಟಿದವರ ಪಾಲು

ಸ್ನೇಹಿತರೇ, ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇವೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳೆಂದು ಕ್ಷಮಿಸಿ, ನಮ್ಮ ಮೀನುಗಾರರ ಸಂಘದ ಗೋಡೆಗೆ ಅಂಟಿಸಿದ ಈ ಹಾಳೆಯನ್ನು ನಿಂತು ಪೂರ್ತಿ ಓದಿ.

ಇವತ್ತು ಮಲ್ಪೆಯಲ್ಲಿ ನನ್ನ ದೊಡ್ಡಮ್ಮ ಒಂದು ಬೋಟನ್ನೇ ತಡೆದರು. ಊರವರೆಲ್ಲ ಸೇರಿ ದಡಕ್ಕೆ ಎಳೆಯುವ ರಂಪಣಿ ಬಲೆಯ ಕಾಲದಲ್ಲಿ, ದಡದಲ್ಲಿ ನಿಂತು ಹಗ್ಗಕ್ಕೆ ಕೈ ಹಾಕಿದ ಎಲ್ಲರಿಗೂ ಮೀನಿನ ಪಾಲು ಸಿಗುತ್ತಿತ್ತು. ಈಗ ಬಲೆ ಎಳೆಯುವುದು ಇಂಜಿನ್ ಬೋಟು. ಮೀನೆಲ್ಲ ಲಾರಿಗೆ, ನಮಗೆ ವಾರದಿಂದ ಗಂಜಿ, ಉಪ್ಪಿನಕಾಯಿ. ಇವತ್ತು ಬೋಟು ಕಟ್ಟಲೆಂದು ದಡಕ್ಕೆ ಎಸೆದ ಹಗ್ಗವನ್ನು ದೊಡ್ಡಮ್ಮ ಹಿಡಿದುಕೊಂಡರು.

"ಹಗ್ಗ ಮುಟ್ಟಿದ್ದೇನೆ. ನನ್ನ ಪಾಲು ಕೊಡಿ."

ಬೋಟಿನ ಸಾಹುಕಾರರು ನಕ್ಕರು. "ಬಲೆ ಎಳೆದದ್ದು ಇಂಜಿನ್ ಅಕ್ಕಾ. ಪಾಲು ಅದಕ್ಕೆ."

"ಎಂತ, ನಿಮ್ಮ ಇಂಜಿನ್ ಬಂಗುಡೆ ಮೀನಿನ ಪುಳಿಮುಂಚಿ ಸಾರು ಉಣ್ಣುತ್ತದಾ ಮಾರಾಯ್ರೇ?"

ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರು ಗೊಳ್ಳೆಂದು ನಕ್ಕು, ಒಬ್ಬೊಬ್ಬರಾಗಿ ಬಂದು ಹಗ್ಗ ಹಿಡಿದರು. ಕಂಬಕ್ಕೆ ಕಟ್ಟಲು ಹಗ್ಗವಿಲ್ಲದೆ ಬೋಟು ನೀರಲ್ಲೇ ತೂಗಾಡಿತು. ಲಾರಿ ಡ್ರೈವರ್ ಹಾರ್ನ್ ಹೊಡೆದ. "ಐಸ್ ಕರಗ್ತಾ ಉಂಟು ಸಾಹುಕಾರ್ರೇ! ನಾನು ಕೇರಳಕ್ಕೆ ನೀರು ತೆಗೆದುಕೊಂಡು ಹೋಗುವುದಾ?"

ಸಾಹುಕಾರರು ಎಲ್ಲರ ಬುಟ್ಟಿಗೂ ಒಂದೊಂದು ಬೊಗಸೆ ಬಂಗುಡೆ ಹಾಕಿಸಿದರು. "ನಾಳೆಯಿಂದ ಬೋಟು ಕಟ್ಟಲಿಕ್ಕೂ ಮಿಷನ್ ತರಿಸುತ್ತೇನೆ" ಎಂದು ಗೊಣಗಿದರು.

"ತರಿಸಿ, ಅದನ್ನೂ ಮುಟ್ಟುತ್ತೇವೆ" ಎಂದರು ದೊಡ್ಡಮ್ಮ.

ಹತ್ತು ಜನರೆದುರು ಬಾಯಿ ತೆರೆಯದ ನಾನು ಹಗ್ಗದ ತುದಿ ಹಿಡಿದಿದ್ದೆ ಅಷ್ಟೇ. ನನ್ನ ಪಾಲಿನ ಮೀನನ್ನು ಈಗಷ್ಟೇ ಬಾವಿಕಟ್ಟೆಯಲ್ಲಿ ತೊಳೆದು, ಅದೇ ಕೈಯಲ್ಲಿ ಈ ಹಾಳೆ ಬರೆದೆ. ಗೋಡೆಯ ಹತ್ತಿರ ಬೆಕ್ಕು ಬಂದರೆ ದಯವಿಟ್ಟು ಓಡಿಸಿ.