ಜಪಾನಿನಲ್ಲಿ ಅತ್ತೆಯ ಅರ್ಧ ಊಟ

ಗುಂಡ್ಲುಪೇಟೆಯ ನನ್ನ ಗೊಬ್ಬರದ ಅಂಗಡಿಯ ಮುಂದೆ ಒಂದು ಮರವಿದೆ. ಅದರ ಹೆಸರು ನನಗೆ ಗೊತ್ತಿಲ್ಲ. ಕೇಳಿದವರಿಗೆಲ್ಲ ಗುಲಾಬಿ ಬಣ್ಣದ ಹೂವಿನ ಮರ ಎಂದೇ ಹೇಳುತ್ತೇನೆ. ಬೀಜ, ಗೊಬ್ಬರ, ಔಷಧಿ ಮಾರಿ ಬದುಕುವವನಿಗೆ ಎದುರಿನ ಮರದ ಹೆಸರು ಗೊತ್ತಿಲ್ಲವೆಂದರೆ ನೀವು ನಗಬಹುದು, ನಗಿ. ವರ್ಷವಿಡೀ ಅದು ಇದೆಯೋ ಇಲ್ಲವೋ ಎಂಬಂತೆ ನಿಂತಿರುತ್ತದೆ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದಂತೆ ಎಲೆಯೆಲ್ಲ ಉದುರಿಸಿ ಮೈತುಂಬ ಹೂ ಬಿಡುತ್ತದೆ. ಇವತ್ತು ಬೆಳಿಗ್ಗೆ ಅದರ ಕೆಳಗೆ ಸ್ಕೂಟರ್ ನಿಲ್ಲಿಸಿ, ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಸೀಟಿನ ತುಂಬ ಹೂವು. ಮೊದಲಾಗಿದ್ದರೆ ಬಟ್ಟೆ ತೆಗೆದು ಒಂದೇ ಏಟಿಗೆ ಕೊಡವಿಬಿಡುತ್ತಿದ್ದೆ. ಇವತ್ತು ಕೊಡವಲಿಲ್ಲ. ಷಟರನ್ನೂ ಎತ್ತದೆ ಅಂಗಡಿಯ ಕಟ್ಟೆಯ ಮೇಲೆ ಸುಮ್ಮನೆ ಕೂತೆ. ಯೂರಿಯಾಕ್ಕೆ ಬಂದಿದ್ದ ರೈತರೊಬ್ಬರು ಬೀಗದ ಕೈ ಮರೆತು ಬಂದಿರಾ ಎಂದು ಕೇಳಿದರು. ಇಲ್ಲ ಎಂದೆ. ಮತ್ತೆ ಯಾಕೆ ಕೂತಿದ್ದೀರಿ ಎಂದರು. ಅದಕ್ಕೆ ಉತ್ತರ ಹೇಳಬೇಕಾದರೆ ಒಂದು ಸಲ ಜಪಾನಿಗೆ ಹೋಗಿ ಬರಬೇಕು. ನಿಮಗೆ ಪುರುಸೊತ್ತಿದ್ದರೆ ಬನ್ನಿ.

ನಾನು ಜಪಾನಿಗೆ ಹೋಗಿದ್ದೆ ಎಂದರೆ ಅರ್ಧ ಊರು ಈಗಲೂ ನಂಬುವುದಿಲ್ಲ. ನಮ್ಮ ವ್ಯಾಪಾರದಲ್ಲಿ ಒಂದು ಪದ್ಧತಿಯಿದೆ. ಕಂಪನಿಯವರು ಹೇಳಿದಷ್ಟು ಮಾಲು ಮಾರಿದ ಅಂಗಡಿಯವರನ್ನು ಅವರೇ ಖರ್ಚು ಹಾಕಿಕೊಂಡು ಫಾರಿನ್ ಟೂರಿಗೆ ಕಳಿಸುತ್ತಾರೆ. ಸಾಮಾನ್ಯವಾಗಿ ಅದು ಬ್ಯಾಂಕಾಕು. ಕೆಲವು ವರ್ಷಗಳ ಹಿಂದೆ ಚಾಮರಾಜನಗರದ ಮೀಟಿಂಗಿನಲ್ಲಿ ಈ ಸಲ ಜಪಾನ್, ಅದೂ ಅಲ್ಲಿ ಚೆರ್ರಿ ಮರಗಳು ಹೂ ಬಿಡುವ ಕಾಲಕ್ಕೆ, ಇಬ್ಬರಿಗೆ ಟಿಕೆಟ್ಟು, ನಾಲ್ಕು ದಿನ ಎಂದು ಹೇಳಿಬಿಟ್ಟರು. ಬ್ಯಾಂಕಾಕಿಗೆಂದು ಹೂವಿನ ಚಿತ್ತಾರದ ಷರಟು ಹೊಲಿಸಿಕೊಂಡಿದ್ದ ಕುದೇರಿನ ಅಂಗಡಿಯವರು, ಹೂ ನೋಡಲು ಅಷ್ಟು ದೂರ ಹೋಗಬೇಕಾ, ನಮ್ಮ ಬೇಲಿಯಲ್ಲಿ ಬಿಡುವುದು ಹೂವಲ್ಲವಾ ಎಂದು ಊಟದುದ್ದಕ್ಕೂ ಗೊಣಗಿದರು.

ನನ್ನ ಹೆಂಡತಿ, ಮಗನ ಎಸ್ಸೆಸ್ಸೆಲ್ಸಿ ಪರೀಕ್ಷೆ ಬಿಟ್ಟು ಎಲ್ಲಿಗೂ ಬರುವುದಿಲ್ಲ ಎಂದಳು. ಪಾಸ್‌ಪೋರ್ಟ್ ಇರುವ ಇನ್ನೊಬ್ಬರು ನಮ್ಮ ಬಳಗದಲ್ಲಿ ಯಾರಿದ್ದಾರೆಂದು ಹುಡುಕಿದರೆ ಸಿಕ್ಕವಳು ಒಬ್ಬಳೇ, ಭೀಮನಬೀಡಿನ ದೇವಮ್ಮಣ್ಣಿ ಅತ್ತೆ, ನಮ್ಮಪ್ಪನ ತಂಗಿ. ಮಾವ ಬದುಕಿದ್ದಾಗ ಗಂಡ ಹೆಂಡತಿ ಇಬ್ಬರೂ ಕೈಲಾಸ ಯಾತ್ರೆಗೆಂದು ಪಾಸ್‌ಪೋರ್ಟ್ ಮಾಡಿಸಿದ್ದರು. ಅಷ್ಟರಲ್ಲಿ ಮಾವ ಪಾಸ್‌ಪೋರ್ಟ್ ತೋರಿಸದೆಯೇ ಕೈಲಾಸಕ್ಕೆ ಹೊರಟುಹೋದರು. ಅತ್ತೆಯದು ಪೆಟ್ಟಿಗೆಯಲ್ಲಿ ಉಳಿದಿತ್ತು.

ಈ ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಅವಳ ಬದುಕೇ ಹೂವು. ಅವಳ ಹೊಲದಲ್ಲಿ ಮುಂಗಾರಿಗೆ ಚೆಂಡು ಹೂ ಬಿಟ್ಟರೆ ರಸ್ತೆಯಿಂದ ನೋಡುವವರಿಗೆ ಕಣ್ಣು ಕುಕ್ಕುತ್ತದೆ. ಕೇರಳದ ಕಡೆಯವರು ಕಾರು ನಿಲ್ಲಿಸಿ, ಹೇಳದೆ ಕೇಳದೆ ಸಾಲಿನೊಳಕ್ಕೆ ನುಗ್ಗಿ ಫೋಟೋ ತೆಗೆಸಿಕೊಂಡು, ಹೋಗುವಾಗ ಕೈಗೆ ಸಿಕ್ಕಷ್ಟು ಕಿತ್ತುಕೊಂಡು ಹೋಗುತ್ತಾರೆ. ಅತ್ತೆ ಅವರನ್ನು ಬಯ್ಯುವ ಬೈಗುಳಕ್ಕೆ ಮಲಯಾಳಂ ಅನುವಾದ ಬೇಕಾಗುವುದಿಲ್ಲ. ಅಷ್ಟು ಹೂವಿದ್ದರೂ ಒಂದನ್ನೂ ಅವಳು ದೇವರಿಗೆ ಇಟ್ಟವಳಲ್ಲ. ಅದೆಲ್ಲ ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುವ ಹೂವು. ಕಾರ್ಖಾನೆಯವರ ಬೀಜ ಮಣ್ಣಿಗೆ ಬಿದ್ದ ದಿನವೇ ಹೂವು ಅವರದಾಯಿತು, ಬೇರೆಯವರದನ್ನು ಕಿತ್ತು ನನ್ನ ಲಿಂಗಕ್ಕೆ ಇಡಲಾರೆ ಎನ್ನುವುದು ಅವಳ ನ್ಯಾಯ. ಪೂಜೆಗೆ ಹಿತ್ತಲಿನ ಕಣಗಿಲೆಯೇ ಆಗಬೇಕು. ಬೆಳಿಗ್ಗೆ ಸ್ನಾನವಾದ ಮೇಲೆ ಕೊರಳಿನ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಹಚ್ಚಿ, ಹೂವು ಪತ್ರೆ ಏರಿಸಿ, ಆಮೇಲೆ ಬಾಯಿಗೆ ನೀರು. ಮದುವೆಯಾಗಿ ಆ ಮನೆಗೆ ಬಂದ ಮೇಲೆ ಹೂವಿಲ್ಲದ ಪೂಜೆ ಅವಳಿಗೆ ಗೊತ್ತಿಲ್ಲ. ನನ್ನ ಲಿಂಗದ ಸಂಗತಿ ಕೇಳಬೇಡಿ. ಮದುವೆಯ ದಿನ ಸ್ವಾಮಿಗಳು ಕಟ್ಟಿದ್ದು ಆ ವಾರವೇ ಬೀರು ಸೇರಿತು. ಅತ್ತೆ ಅದರ ಬಗ್ಗೆ ಒಂದು ದಿನವೂ ಕೇಳಿದವಳಲ್ಲ.

ಜಪಾನ್ ಎಂದಾಗ ಅವಳು ಕೇಳಿದ್ದು ಪೂಜೆಯ ಹೂವಿನದೊಂದೇ ಪ್ರಶ್ನೆ. "ಅಲ್ಲಿ ಊವಿಗೆ ಯಾನ ಮಾಡ್ಲಿ ಕಣಪ್ಪ?"

"ಊರಿಗೆ ಊರೇ ಹೂವಂತೆ ಅತ್ತೆ. ನಿಂಗೆ ಬೇಕಾದಷ್ಟು ಕಿತ್ಕೊಡ್ತೀನಿ, ಬಾ" ಎಂದೆ. ಆ ಮಾತಿನ ಮೇಲೆ ಅವಳು ಹೊರಟಳು.

ಆದರೂ ಪೂರ್ತಿ ನಂಬಿರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಚಪಾತಿ, ಚಟ್ನಿಪುಡಿ, ಅವಲಕ್ಕಿಗಳ ನಡುವೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಿಲ್ವಪತ್ರೆ, ಬಾಳೆಲೆಯಲ್ಲಿ ಕಟ್ಟಿದ ಕಣಗಿಲೆ ತಂದಿದ್ದಳು. ಅಲ್ಲಿನ ವಿಮಾನ ನಿಲ್ದಾಣದಲ್ಲಿ ಹಸಿ ಎಲೆ, ಹೂವು ಒಳಗೆ ಬಿಡುವುದಿಲ್ಲವಂತೆ. ಕೈಗವಸು ಹಾಕಿದ ಅಧಿಕಾರಿಯೊಬ್ಬ ಎರಡೂ ಕೈಯಲ್ಲಿ ಆ ಪೊಟ್ಟಣ ತೆಗೆದುಕೊಂಡು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿ ಒಳಗೆ ಒಯ್ದ. ಅತ್ತೆ ಜಗಳಕ್ಕೆ ನಿಲ್ಲುತ್ತಾಳೆಂದುಕೊಂಡೆ. ಅವಳು ಅವನು ಹೋದ ಬಾಗಿಲನ್ನೇ ನೋಡುತ್ತಾ, ನನಗಿಂತ ಚೆನ್ನಾಗಿ ಪತ್ರೆಗೆ ಕೈಮುಗಿದ, ಅವನ ಹತ್ತಿರವೇ ಇರಲಿ ಎಂದಳು.

ಕ್ಯೋಟೊ ಎಂಬ ಊರು ತಲುಪಿದಾಗ ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಕಾಲುವೆಯ ಎರಡು ದಡಕ್ಕೂ ಹೂವು, ಬಸ್ ಸ್ಟ್ಯಾಂಡಿಗೆ ಹೂವು, ಪೊಲೀಸ್ ಠಾಣೆಗೂ ಹೂವು. ಬಿಳಿಯೆಂದರೆ ಬಿಳಿಯಲ್ಲ, ಕೆಂಪೆಂದರೆ ಕೆಂಪಲ್ಲ, ಎಳೆ ಕೂಸಿನ ಅಂಗಾಲಿನ ಬಣ್ಣ. ಅತ್ತೆ ಸೀರೆಯ ಮೇಲೆ ಸ್ವೆಟರು, ಕಿವಿಗೆ ಮಫ್ಲರು, ಕಾಲಿಗೆ ಕಾಲುಚೀಲದ ಮೇಲೆ ಚಪ್ಪಲಿ ತೊಟ್ಟು, ಬಸ್ಸಿನ ಕಿಟಕಿಗೆ ಮೂಗು ಒತ್ತಿ ಕೂತಿದ್ದಳು. ಅಷ್ಟರಲ್ಲಿ ಕಂಪನಿ ಗೊತ್ತುಮಾಡಿದ್ದ ಗೈಡ್ ಹುಡುಗ ಮೈಕ್ ಹಿಡಿದು ನಿಯಮ ಹೇಳಿದ. ಹೂವನ್ನು ನೋಡಬಹುದು, ಫೋಟೋ ತೆಗೆಯಬಹುದು, ಕೀಳಕೂಡದು, ಕೊಂಬೆಯನ್ನು ಮುಟ್ಟುವುದೂ ಕೂಡದು. ಅತ್ತೆ ತಿರುಗಿ ನನ್ನ ಮುಖ ನೋಡಿದಳು. ನಾನು ಕಿಟಕಿಯ ಆಚೆ ನೋಡಿದೆ.

ಮೊದಲನೇ ಬೆಳಿಗ್ಗೆ ಹೋಟೆಲಿನ ರೂಮಿನಲ್ಲಿ ಬರೀ ವಿಭೂತಿ, ನೀರಿನಲ್ಲಿ ಪೂಜೆ ಮುಗಿಸಿದಳು. ಬುತ್ತಿ ಬಿಚ್ಚಿ ಒಂದು ಚಪಾತಿಯನ್ನು ಮಧ್ಯಕ್ಕೆ ಹರಿದು, ಅರ್ಧ ತಿಂದು ಅರ್ಧ ಮಡಿಸಿಟ್ಟಳು. ಯಾಕೆ ಎಂದರೆ, "ಅರ್ಧ ಪೂಜೆಗೆ ಅರ್ಧ ಊಟ. ಸರಿಯಾಗೇ ಅದೆ ಬುಡು" ಎಂದಳು. ಮಧ್ಯಾಹ್ನವೂ ಅರ್ಧ, ರಾತ್ರಿಯೂ ಅರ್ಧ. ಕೋಪವಿಲ್ಲ, ಗೊಣಗಿಲ್ಲ, ನಗುನಗುತ್ತಲೇ ಅರ್ಧ. ನನ್ನ ಮಾತು ನಂಬಿ ಬಂದ ಎಪ್ಪತ್ತು ದಾಟಿದ ಜೀವ, ಆ ಚಳಿಯಲ್ಲಿ ಅರ್ಧ ಹೊಟ್ಟೆಯಲ್ಲಿ ಮಲಗಿದರೆ ನನಗೆ ಪೂರ್ತಿ ಊಟ ಹೇಗೆ ಇಳಿದೀತು? ಆದರೂ ಇಳಿಯಿತು ಎನ್ನುವುದನ್ನು ಒಪ್ಪಿಕೊಳ್ಳಬೇಕು. ಇಳಿದ ಮೇಲೆ ಸಂಕಟವಾಯಿತು.

ಮಾರನೇ ದಿನ ಬೆಳಗಾಗುವ ಮೊದಲೇ ಎದ್ದು ಬೀದಿಯಲ್ಲಿ ಹುಡುಕಿದೆ. ರಾತ್ರಿಯಿಡೀ ತೆರೆದಿರುವ ಅಂಗಡಿಯೊಂದರಲ್ಲಿ, ಬಕೆಟ್ಟಿನಲ್ಲಿ ಸೇವಂತಿಗೆ! ಎಂಥಾ ಸೇವಂತಿಗೆ, ನಮ್ಮ ಗೌರಿಹಬ್ಬದ ಸೇವಂತಿಗೆಯ ಹಾಗೇ. ಎರಡು ಕಟ್ಟು ಎತ್ತಿಕೊಂಡು ಗೆದ್ದವನ ಹಾಗೆ ಹೋಟೆಲಿಗೆ ಬಂದರೆ, ಕೌಂಟರಿನ ಹೆಂಗಸು ನನ್ನನ್ನು ನೋಡಿ ಎದ್ದು ನಿಂತು, ಮುಖ ಸಪ್ಪಗೆ ಮಾಡಿ, ಬಹಳ ಹೊತ್ತು ತಲೆ ತಗ್ಗಿಸಿದಳು. ಗೈಡ್ ಹುಡುಗ ಓಡಿ ಬಂದು ರೂಮಿನಲ್ಲಿ ಎಲ್ಲರೂ ಕ್ಷೇಮವೇ ಎಂದು ವಿಚಾರಿಸಿದ. ಆ ಥರ ಕಟ್ಟಿದ ಸೇವಂತಿಗೆಯನ್ನು ಅಲ್ಲಿ ಸತ್ತವರ ಸಮಾಧಿಗೆ ಒಯ್ಯುವುದಂತೆ.

ಅತ್ತೆಗೆ ಹೇಳದೆ ಮುಚ್ಚಿಡೋಣವೆನಿಸಿತು. ಹೇಳಿದೆ. ಅವಳು ನಕ್ಕು ನಕ್ಕು ಮಂಚದ ಮೇಲೆ ಕೂತುಬಿಟ್ಟಳು. ಆಮೇಲೆ ಆ ಎರಡೂ ಕಟ್ಟನ್ನು ನೀರಿನ ಲೋಟದಲ್ಲಿಟ್ಟು ಕಿಟಕಿಯ ಬಳಿ ಇರಿಸಿ, "ನಿಮ್ಮ ಮಾವುನ್ ಎಸರಲ್ಲಿ ಇರ್ಲಿ. ಅವ್ರೂ ಜಪಾನ್ ನೋಡ್ದಂಗಾಯ್ತು" ಎಂದಳು. ಊಟ ಮಾತ್ರ ಅರ್ಧವೇ.

ಸಂಜೆ ಕಾಲುವೆಯ ದಡದಲ್ಲಿ ನಾನು ಇನ್ನೊಂದು ದಾರಿ ಹುಡುಕಿದೆ. ಉದುರಿದ ಎಸಳು ನೆಲದ ಮೇಲೆ ರಾಶಿ ಬಿದ್ದಿತ್ತು, ಆದರೆ ನೆಲ ಮುಟ್ಟಿದ್ದು ದೇವರಿಗಾಗದು. ಪಾರಿಜಾತಕ್ಕೆ ಮಾತ್ರ ಆ ರಿಯಾಯಿತಿ. ಇದು ಜಪಾನಿನ ಪಾರಿಜಾತ ಎಂದುಕೋ ಎಂದು ವಾದಿಸಿ ಸೋತೆ. ಹಾಗಾದರೆ ನೆಲ ಮುಟ್ಟುವ ಮೊದಲೇ ಹಿಡಿದರಾಯಿತಲ್ಲ! ಹೊಟ್ಟೆ ಬಂದ ಗೊಬ್ಬರದ ವ್ಯಾಪಾರಿಯೊಬ್ಬ ಎರಡೂ ಕೈ ಮೇಲೆತ್ತಿಕೊಂಡು ಎಸಳುಗಳ ಹಿಂದೆ ಓಡಾಡುವುದನ್ನು ಅಲ್ಲಿನ ಮಕ್ಕಳು ಆಟವೆಂದು ತಿಳಿದು ನನ್ನ ಜೊತೆ ಸೇರಿಕೊಂಡವು. ಕುದೇರಿನವರು ವಿಡಿಯೋ ಮಾಡಿಕೊಂಡರು. ಕೊನೆಗೆ ಸಿಕ್ಕ ಎಸಳನ್ನು ಮುಷ್ಟಿಯಲ್ಲಿ ಹಿಡಿದು ತಂದರೆ ಬೆವರಿಗೆ ಅಂಟಿ ಮುದ್ದೆಯಾಗಿತ್ತು. ಅತ್ತೆ ಮೆಲ್ಲಗೆ, ಇವತ್ತು ಸ್ನಾನ ಮಾಡಿದ್ದೀಯಾ ಎಂದು ಕೇಳಿದಳು. ಮಾಡಿರಲಿಲ್ಲ.

ರೇಗಿಹೋಯಿತು. ಮೇಲೆ ಬಾಗಿದ್ದ ಕೊಂಬೆಗೆ ಕೈ ಚಾಚಿದೆ. ಅತ್ತೆ ನನ್ನ ತೋಳು ಹಿಡಿದುಕೊಂಡಳು. "ಬುಡು ಮಗ. ನಮ್ಮೊಲಕ್ಕೆ ನುಗ್ಗಿ ಕೀಳೋರ್ಗೆ ನಾ ಯಾನ ಬಯ್ತಿನಿ ಅಂತ ಗೊತ್ತಲ್ಲ ನಿಂಗೆ" ಎಂದಳು. ಕೈ ಇಳಿಸಿದೆ.

ಅಲ್ಲಿ ಮರಗಳ ಕೆಳಗೆಲ್ಲ ಜನ ನೀಲಿ ಟಾರ್ಪಾಲು ಹಾಸಿಕೊಂಡು, ಚಪ್ಪಲಿ ಬೂಟುಗಳನ್ನು ಅಂಚಿನಲ್ಲಿ ಸಾಲಾಗಿ ಬಿಟ್ಟು, ಡಬ್ಬಿ ಬಿಚ್ಚಿ ಉಣ್ಣುತ್ತಾ ಕೂತಿದ್ದರು. ಹೂವನ್ನು ಯಾರೂ ಮುಟ್ಟುತ್ತಿರಲಿಲ್ಲ, ಸುಮ್ಮನೆ ಅದರ ಹತ್ತಿರ ಇದ್ದರು. ನಾವು ಆ ಕಡೆಯ ಬೆಂಚಿನ ಮೇಲೆ ಕತ್ತಲಾಗುವವರೆಗೂ ಕೂತಿದ್ದೆವು. ಅತ್ತೆ ಆ ಚಪ್ಪಲಿಯ ಸಾಲನ್ನೇ ನೋಡುತ್ತಿದ್ದಳು.

ಕೊನೆಯ ಬೆಳಿಗ್ಗೆ ನಾನು ಸ್ನಾನ ಮಾಡಿ, ಒಗೆದ ಕರವಸ್ತ್ರ ಜೇಬಿಗಿಟ್ಟುಕೊಂಡು ಸಿದ್ಧನಾದೆ. ಕೈಯಲ್ಲಿ ಬೇಡ, ಬಟ್ಟೆಯಲ್ಲಿ ಹಿಡಿಯುತ್ತೇನೆಂದು. ಅತ್ತೆಯೂ ಮಡಿಯಾಗಿ ಹೊರಟಳು. ಬೇರೆಯವರೆಲ್ಲ ಶಾಪಿಂಗಿಗೆ ಬಸ್ಸು ಹತ್ತಿದರು, ನಾವು ಕಾಲುವೆಗೆ ನಡೆದೆವು. ಒಂದು ಮರದ ಕೆಳಗೆ ಟವಲು ಹಾಸಿ, ಚಪ್ಪಲಿಯನ್ನು ಅಂಚಿನಲ್ಲಿ ಜೋಡಿಸಿಟ್ಟು ಅತ್ತೆ ಕೂತಳು. ಕೊರಳಿನ ಲಿಂಗವನ್ನು ಬಿಚ್ಚಿ ಎಡ ಅಂಗೈಗೆ ತೆಗೆದುಕೊಂಡಳು. ವಿಭೂತಿ ಹಚ್ಚಿದಳು, ನೀರು ಹಾಕಿದಳು, ಆಮೇಲೆ ಕೈಯನ್ನು ಎದೆಯ ಮಟ್ಟಕ್ಕೆ ಹಿಡಿದು ಅಲ್ಲಾಡದೆ ಕೂತಳು.

ನಾನು ಕರವಸ್ತ್ರ ಬಿಚ್ಚಿ ಹಿಡಿದು ನಿಂತೆ. ಅವತ್ತು ಗಾಳಿಯೇ ಇಲ್ಲ. ನಿಂತು ನಿಂತು ಕಾಲು ಸೋತು ನಾನೂ ಚಪ್ಪಲಿ ಬಿಟ್ಟು ಅವಳ ಪಕ್ಕ ಕೂತೆ. ಫೋನು ಬಡಿದುಕೊಂಡಿತು, ಎತ್ತಲಿಲ್ಲ. ಅಂಗಡಿ ಇಟ್ಟ ಮೇಲೆ ನಾನು ಹಾಗೆ ಏನೂ ಮಾಡದೆ ಕೂತದ್ದು ಅದೇ ಮೊದಲು. ನೀರಿನ ಸದ್ದು ಕೇಳತೊಡಗಿತು, ಮರದ ತುಂಬ ಜೇನು ಗುಯ್ಗುಡುತ್ತಿರುವುದೂ ಕೇಳಿತು. ಒಂದು ಎಸಳು ಮಾತ್ರ ತಾನಾಗಿ ಇಳಿದು ನನ್ನ ಬೋಳು ತಲೆಯ ಮೇಲೆ ಕೂತಿತು. ಆಸೆಯಿಂದ ಅತ್ತೆಯ ಕಡೆ ಬಗ್ಗಿದೆ. ಮುಡಿದ ಹೂವು ದೇವರಿಗಾಗದು ಎಂದು ಅವಳು ಕಣ್ಣಲ್ಲೇ ನಕ್ಕಳು.

ಅಂಗೈಗೆ ಒಂದು ಎಸಳೂ ಬೀಳಲಿಲ್ಲ. ಅವಳು ಲಿಂಗವನ್ನು ಕಣ್ಣಿಗೊತ್ತಿಕೊಂಡು, ಬಟ್ಟೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಳು. ನನಗೆ ಅಳು ಬರುವಂತಾಗಿತ್ತು. ಇವತ್ತೂ ಅರ್ಧವಾಯಿತಲ್ಲ ಅತ್ತೆ ಎಂದೆ. ಅವಳು ಕೊರಳಿನ ಲಿಂಗವನ್ನು ಮುಟ್ಟಿ ತೋರಿಸಿದಳು.

"ಅರ್ಧ ಯಾಕಾದದು? ಇಷ್ಟು ದಿನ ಊವ ಕಿತ್ಕಂಡು ಇವನ್ತಾವಕ್ಕೆ ತರ್ತಿದ್ದೆ. ಇವತ್ತು ಇವನ್ನೇ ಊವಿನ್ತಾವಕ್ಕೆ ಕರ್ಕಂಡು ಬಂದಿವ್ನಿ. ತೆಗಿ ಬುತ್ತಿಯ, ಒಟ್ಟೆ ಅಸಿತದೆ" ಎಂದಳು.

ಅವತ್ತು ಆ ಮರದ ಕೆಳಗೆ ಉಳಿದಿದ್ದ ಚಪಾತಿಯನ್ನೆಲ್ಲ ತಿಂದಳು. ನನ್ನ ಪಾಲಿನದನ್ನೂ ತಿಂದಳು. ಪಕ್ಕದ ಟಾರ್ಪಾಲಿನ ಮುದುಕಿಯೊಬ್ಬರು ಕೊಟ್ಟ ಕಿತ್ತಳೆ ಹಣ್ಣನ್ನೂ ತಿಂದಳು. ನಾನು ನೋಡುತ್ತಾ ಕೂತಿದ್ದೆ, ಅಷ್ಟು ಸುಖವಾದ ಊಟವನ್ನು ನಾನು ಉಂಡಿದ್ದೇ ಇಲ್ಲ.

ಕಥೆ ಅಲ್ಲಿಗೇ ನಿಂತಿದ್ದರೆ ಟೂರಿನ ನೆನಪಾಗಿ ಉಳಿಯುತ್ತಿತ್ತು. ಆ ವರ್ಷದ ಶ್ರಾವಣದಲ್ಲಿ ಬೆಳೆಗೆ ಹೊಡೆಯುವ ಔಷಧಿ ಕೊಡಲು ಭೀಮನಬೀಡಿಗೆ ಹೋದೆ. ಗೋಪಾಲಸ್ವಾಮಿ ಬೆಟ್ಟದ ಮೇಲಿನ ಮೋಡ ಇನ್ನೂ ಸರಿದಿರಲಿಲ್ಲ. ಹೊಲದ ತುಂಬ ಚೆಂಡು ಹೂ. ಬದುವಿನ ಮೇಲೆ ಅತ್ತೆ ಚಪ್ಪಲಿ ಬಿಟ್ಟು ಕೂತಿದ್ದಳು, ಅಂಗೈಯಲ್ಲಿ ಲಿಂಗ, ಎದುರಿಗೆ ಅವಳು ಜೀವಮಾನವೆಲ್ಲ ಬೆಳೆದು, ಒಂದನ್ನೂ ತನ್ನ ದೇವರಿಗೆ ಕೊಡದೆ ಮೂಟೆ ಕಟ್ಟಿ ಲಾರಿಗೇರಿಸಿದ ಹೂವು. ಅವತ್ತೂ ಒಂದನ್ನೂ ಕಿತ್ತಿರಲಿಲ್ಲ. ರಸ್ತೆಯಲ್ಲಿ ಕೇರಳದ ಕಾರೊಂದು ನಿಂತಿತ್ತು. ಇಳಿದು ಬಂದ ಸಂಸಾರ ಫೋನು ಕೆಳಗಿಳಿಸಿ ಕಾಯುತ್ತಿತ್ತು. ಅತ್ತೆ ಬಲಗೈಯಲ್ಲಿ ಅವರಿಗೆ ಕೂತುಕೊಳ್ಳಿ ಎಂದು ಸನ್ನೆ ಮಾಡಿದಳು. ಅವರು ಚಪ್ಪಲಿ ಬಿಟ್ಟು ಕೂತರು. ನಾನು ಸ್ಕೂಟರ್ ಆಫ್ ಮಾಡಿ ಅಲ್ಲೇ ನಿಂತೆ. ಹಾರ್ನ್ ಮಾಡಲಿಲ್ಲ.

ಇನ್ನು ಇವತ್ತಿನ ಬೆಳಿಗ್ಗೆ. ಯೂರಿಯಾದವರು ಇನ್ನೂ ಉತ್ತರಕ್ಕೆ ಕಾಯುತ್ತಿದ್ದಾರೆ. ಅವರಿಗೆ ಇಷ್ಟೆಲ್ಲ ಹೇಳಲಾಗುವುದಿಲ್ಲ, ನಿಮಗೆ ಹೇಳಿಬಿಡುತ್ತೇನೆ. ಮದುವೆಯ ದಿನ ಕಟ್ಟಿ ಬೀರು ಸೇರಿದ್ದ ಲಿಂಗ ಈಗ ನನ್ನ ಷರಟಿನ ಜೇಬಿನಲ್ಲಿದೆ. ಪೂಜೆ ಮಾಡಲು ನನಗೆ ಬರುವುದಿಲ್ಲ, ಮಂತ್ರವೂ ಮರೆತಿದೆ. ಹೂವಿನ ಹತ್ತಿರಕ್ಕೆ ಕರೆದುಕೊಂಡು ಬಂದಿದ್ದೇನೆ, ಅಷ್ಟೆ.