ಮಾಯಾಳ ಸಿಟ್ಟು ಮತ್ತು ಬೀಳಗಿ ಇಳಿಜಾರು

ರಬಕವಿಯ ಕುರಿಗಾರ ಜಕ್ಕಪ್ಪನ ಮಗಳು ಮಾಯಾಗೆ ಜಗತ್ತಿನ ಒಂದೇ ಒಂದು ಪ್ರಶ್ನೆ ಕೇಳಿದರೆ ಮೈ ಉರಿಯುತ್ತಿತ್ತು. ಬೆಳಗಿನ ಅಭ್ಯಾಸ ಮುಗಿಸಿ ಸೈಕಲ್ಲಿನಿಂದ ಇಳಿದಿರುತ್ತಾಳೆ, ಉಸಿರು ಇನ್ನೂ ಹತೋಟಿಗೆ ಬಂದಿರುವುದಿಲ್ಲ, ಬೆವರು ಕಣ್ಣಿಗಿಳಿದು ಚುರುಗುಡುತ್ತಿರುತ್ತದೆ. ಅಷ್ಟರಲ್ಲಿ ತರಬೇತಿ ಕೊಡುವ ಸನ್ಮತಿ ಸರ್ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಎದುರಿಗೆ ಬಂದು ನಿಲ್ಲುತ್ತಿದ್ದರು.

"ಏನ ಅನಿಸ್ತವ್ವಾ?"

"ನೀರಡಿಕಿ ಆಗೇತ್ರಿ."

"ಅದು ಗಂಟಲದ ಮಾತಾತು. ತಲ್ಯಾಗ ಏನ ನಡದಿತ್ತು?"

"ತಲ್ಯಾಗ ಏನೂ ನಡದಿದ್ದಿಲ್ಲರಿ. ಕಾಲ ನಡದಿದ್ವು."

ಸನ್ಮತಿ ಸರ್ ನಗುತ್ತಲೂ ಇರಲಿಲ್ಲ, ಬೈಯುತ್ತಲೂ ಇರಲಿಲ್ಲ. ಹೌದೌದು ಎಂಬಂತೆ ತಲೆ ಆಡಿಸುತ್ತಿದ್ದರು. ಅದೇ ಇನ್ನಷ್ಟು ಕಿರಿಕಿರಿ. ತೇರದಾಳದ ಜೈನರ ಮನೆಯವರು, ಬನಹಟ್ಟಿಯಲ್ಲಿ ನೂಲಿನ ಅಂಗಡಿ. ಪ್ರಾಯದಲ್ಲಿ ತಾವೂ ಸೈಕಲ್ ತುಳಿದು ಹೆಸರು ಮಾಡಿದ್ದರು. ಅಂಗಡಿ ತೆರೆಯುವ ಮೊದಲಿನ ಹೊತ್ತನ್ನು ಈಗ ಸುತ್ತಲಿನ ಹುಡುಗಿಯರಿಗೆ ಸೈಕಲ್ ಕಲಿಸಲು ಇಟ್ಟಿದ್ದರು.

ಮಾಯಾ ಅವರ ಕಣ್ಣಿಗೆ ಬಿದ್ದದ್ದು ರಸ್ತೆಯ ಮೇಲೆಯೇ. ಕೃಷ್ಣಾ ದಂಡೆಯ ಹೊಲಗಳಲ್ಲಿ ಜಕ್ಕಪ್ಪನ ಕುರಿ ಗೊಬ್ಬರಕ್ಕೆಂದು ರಾತ್ರಿ ಹಗಲು ಕೂತಿದ್ದಾಗ ಅಪ್ಪನಿಗೆ ಬುತ್ತಿ ಒಯ್ಯುವುದು ಅವಳ ಕೆಲಸ. ಅಣ್ಣನ ದೊಡ್ಡ ಸೈಕಲ್ಲಿಗೆ ಬುತ್ತಿಗಂಟು ಕಟ್ಟಿಕೊಂಡು, ಎದುರುಗಾಳಿಯಲ್ಲಿ ಬೈಕಿನವರ ಜೊತೆ ಪಂದ್ಯ ಕಟ್ಟುತ್ತ ಹೋಗುತ್ತಿದ್ದಳು. ಸರ್ ಹಿಂದೆ ಬಿದ್ದು ಮನೆಯವರೆಗೂ ಬಂದು ಜಕ್ಕಪ್ಪನನ್ನು ಒಪ್ಪಿಸಿದ್ದರು. ಕಾಲಿನ ಬಲಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ತಾಳ್ಮೆಗೆ. ಪಂದ್ಯದಲ್ಲಿ ಯಾರಾದರೂ ದಾಟಿ ಮುಂದೆ ಹೋದರೆ ಸಾಕು, ಮಾಯಾಳ ಕಣ್ಣು ಕೆಂಪಾಗುತ್ತಿತ್ತು. ಹುಚ್ಚು ಹಿಡಿದಂತೆ ತುಳಿದು ಅವರನ್ನು ಹಿಡಿಯುತ್ತಿದ್ದಳು. ಹಿಡಿದ ಮೇಲೆ ಕಾಲಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ಕೊನೆಗೆ ಹಿಂದಿದ್ದವರೆಲ್ಲ ಬಸ್ಸಿನ ಪ್ರಯಾಣಿಕರ ಹಾಗೆ ಆರಾಮವಾಗಿ ಅವಳನ್ನು ದಾಟಿ ಹೋಗುತ್ತಿದ್ದರು.

ಇದಕ್ಕೆ ಊರೆಲ್ಲ ಔಷಧಿ ಹೇಳುವವರೇ. ಖಾರ ಕಡಿಮೆ ತಿನ್ನು ಎಂದಳು ಅವ್ವ ಸುಂದರವ್ವ. ಕಾಲೇಜಿನ ದೈಹಿಕ ಶಿಕ್ಷಕರು ಮನಸ್ಸು ಗಟ್ಟಿ ಮಾಡ್ಕೋ ಎಂದರು. ಗಟ್ಟಿ ಮಾಡಾಕ ಅದೇನ ಜ್ವಾಳದ ಹಿಟ್ಟೇನು ಎಂದು ಮಾಯಾ ಮನೆಗೆ ಬಂದು ಗೊಣಗಿದಳು. ಮೊಬೈಲಿನಲ್ಲಿ ಒಬ್ಬಳು ಹೆಂಗಸು ತಣ್ಣಗಿನ ದನಿಯಲ್ಲಿ ಉಸಿರು ಒಳಗೆ, ಉಸಿರು ಹೊರಗೆ ಎನ್ನುವುದನ್ನು ಕೇಳಿ ಕೂತಳು. ಆ ದನಿ ಕೇಳಿಯೇ ಸಿಟ್ಟು ಬಂತು.

ಆಮೇಲೆ ಸನ್ಮತಿ ಸರ್ ಹೊಸದೊಂದು ಹುಡುಕಿ ತಂದರು. ತುಳಿಯುವಾಗ ತಲೆಗೆ ಏನು ಬರುತ್ತದೋ ಅದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಹೋಗಬೇಕು. ಪಕ್ಕದಲ್ಲಿ ಸ್ಕೂಟರಿನ ಮೇಲೆ ಅವರು ಕೇಳುತ್ತ ಬರುತ್ತಾರೆ.

"ಎಲ್ಲಾ ಅಂದ್ರ ಎಲ್ಲಾನೂ ಏನ್ರಿ?"

"ಎಲ್ಲಾ. ಆರಿಸಿ ಹೇಳಬ್ಯಾಡ. ಸಿಟ್ಟು ಬರೂಕಿಂತ ಮೊದಲ ಏನ ಬರತೈತಿ, ಅದನ್ನ ಹಿಡಿಬೇಕಾಗೇತಿ."

ಅದು ಕಬ್ಬಿನ ಹಂಗಾಮು. ಸಮೀರವಾಡಿಯ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಅರ್ಧ ರಸ್ತೆ ನುಂಗುತ್ತಿದ್ದವು. ಮಾಯಾ ಹಲ್ಲು ಕಚ್ಚಿಕೊಂಡು ಶುರು ಮಾಡಿದಳು: "ಬಿಸಲ ಬಾಳ ಐತಿ. ಈ ಟ್ರ್ಯಾಕ್ಟರದಂವ ದಾರಿ ಬಿಡವಲ್ಲ. ಇವನ ಹಾಡಿನ ಪೆಟಗಿ ಕೆನಾಲಿಗೆ ಬೀಳಲಿ. ಸರ್ ಸ್ಕೂಟರಿನ ಹೊಗಿ ನನ್ನ ಮಾರಿಗೆ ಬರಾಕತ್ತೇತಿ. ಇದರಿಂದ ಯಾರಿಗೆ ಏನ ಉಪಯೋಗ ಐತೋ ಆ ದೇವರಿಗೇ ಗೊತ್ತು."

"ಛಲೋ ಐತಿ, ಹೇಳಕೋತ ಹೋಗು," ಎಂದರು ಸರ್.

ಒಂದು ವಾರ ಕಳೆಯುವುದರೊಳಗೆ ಜಕ್ಕಪ್ಪನ ಮಗಳು ರಸ್ತೆಯ ಮೇಲೆ ಒಬ್ಬಳೇ ಮಾತಾಡುತ್ತ ಓಡಾಡುತ್ತಾಳೆ, ತಲೆ ಕೆಟ್ಟಿದೆ ಎಂಬ ಸುದ್ದಿ ಮಗ್ಗದ ಓಣಿಗಳನ್ನೆಲ್ಲ ಸುತ್ತಿ ಸುಂದರವ್ವನ ಕಿವಿಗೆ ಬಿತ್ತು. ಅವಳು ತಡಮಾಡಲಿಲ್ಲ. ಮಗಳ ರಟ್ಟೆ ಹಿಡಿದು ಬೀರಪ್ಪನ ಗುಡಿಗೆ ಎಳೆದೊಯ್ದಳು. ಪೂಜಾರಿ ಹಣೆ ತುಂಬ ಭಂಡಾರ ಬಳಿದ. ಮರುದಿನ ಅರಿಶಿನದ ಹಣೆಯಲ್ಲೇ ಬಂದ ಮಾಯಾ, ಇದೆಲ್ಲ ನಿಮ್ಮಿಂದ ಆದದ್ದು ಎಂದು ಸರ್ ಮೇಲೆ ಹರಿಹಾಯ್ದಳು. ಅವರು ಸಮಾಧಾನವಾಗಿ ಕೇಳಿಸಿಕೊಂಡು, ಗುಡಿಯಲ್ಲಿ ನಿಂತಾಗ ತಲೆಯಲ್ಲಿ ಏನು ನಡೆದಿತ್ತು ಎಂದರು.

ಈ ಮನುಷ್ಯನನ್ನು ಕೃಷ್ಣೆಗೆ ನೂಕಬೇಕು ಅಂತ ನಡೆದಿತ್ತು. ಅದನ್ನೂ ಹೇಳಿದಳು.

ಒಂದು ದಿನ ಬೀಳಗಿ ಕಡೆಯ ಏರು-ಇಳಿಜಾರಿನಲ್ಲಿ ಅಭ್ಯಾಸ ಇತ್ತು. ಏರುವಾಗ ಏದುಸಿರಿನ ನಡುವೆಯೂ ಮಾಯಾ ಬಿಸಿಲನ್ನು, ರಸ್ತೆಯನ್ನು, ಸರ್ ಅವರ ಹೆಲ್ಮೆಟನ್ನು ಬೈಯುತ್ತಿದ್ದಳು. ಇಳಿಯಲು ಶುರುವಾದದ್ದೇ ಬಾಯಿ ಬಂದ್ ಆಯಿತು. ಕೆಳಗೆ ಬಂದ ಮೇಲೆ ಮತ್ತೆ ಬೈಗುಳ. ಮತ್ತೊಮ್ಮೆ ಹತ್ತಿಸಿ ಇಳಿಸಿದರು. ಆಗಲೂ ಅದೇ.

"ಇಳಿಜಾರಿನ್ಯಾಗ ಯಾಕ ಸುಮ್ಮನಾಗತಿ?" ಎಂದರು.

"ಗಾಳಿ ಬಾಯಾಗ ಹೊಗತೈತ್ರಿ."

"ಏರಿನ್ಯಾಗ ಉಸಿರ ಸಿಗಲಾರದಾಗ ಇಷ್ಟ ಮಾತಾಡತಿ. ಕೆಳಗ ಪುಕ್ಕಟ ಹೊಂಟಾಗ ಮಾತ ಇಲ್ಲ. ತಿರುವ ಬಂದ ಕೂಡಲೇ ಬ್ರೇಕ್ ಹಿಡದ ಕುಂದರತಿ. ಅಲ್ಲೇ ಮಂದಿ ನಿನ್ನ ದಾಟತಾರ. ದಾಟಿದ ಮ್ಯಾಲ ನಿನಗ ಸಿಟ್ಟ ಬರತೈತಿ."

ಮಾಯಾ ನೀರಿನ ಬಾಟಲಿಯನ್ನು ರಸ್ತೆಯ ಮೇಲೆ ಒಗೆದಳು. ನನಗೆ ಯಾವ ಅಂಜಿಕೆಯೂ ಇಲ್ಲ ಎಂದಳು. ಅಂಜಿಕೆ ಎಂಬ ಮಾತನ್ನು ಸರ್ ತೆಗೆದೇ ಇರಲಿಲ್ಲ. ತಾನೇ ಅಂದುಬಿಟ್ಟೆ ಎಂಬುದು ತಿಳಿದು ಇನ್ನೂ ರೇಗಿತು. ಸೈಕಲ್ ಹತ್ತಿ ಮನೆಗೆ ಹೋದವಳು ಆ ವಾರ ಅಭ್ಯಾಸದ ಕಡೆ ತಲೆ ಹಾಕಲಿಲ್ಲ.

ಹಿಂದಿನ ವರ್ಷ ಅವಳು ಒಮ್ಮೆ ಬಿದ್ದಿದ್ದಳು. ಇಳಿಜಾರಿನ ತಿರುವಿನಲ್ಲಿ ಕಬ್ಬಿನ ರವದಿ, ಒಣ ಸೋಗೆ ಚೆಲ್ಲಿತ್ತು, ಗಾಲಿ ಜಾರಿತ್ತು, ಮೊಣಕೈಯಿಂದ ತೊಡೆಯ ತನಕ ಚರ್ಮ ಕಿತ್ತು ಹೋಗಿತ್ತು. ರಕ್ತ ಒರೆಸಿಕೊಂಡು ನಕ್ಕು ಮತ್ತೆ ಸೈಕಲ್ ಹತ್ತಿದ್ದಳು. ಗಂಡುಗುಂಡಿಗೆ ಎಂದು ಎಲ್ಲರೂ ಹೊಗಳಿದ್ದರು. ಅಷ್ಟು ಹೊಗಳಿಸಿಕೊಂಡ ಮೇಲೆ ಅಂಜಿಕೆ ಆಗುತ್ತದೆ ಎಂದು ಯಾರಿಗೆ ಹೇಳುವುದು? ತನಗೆ ತಾನೂ ಹೇಳಿಕೊಂಡಿರಲಿಲ್ಲ.

ಕೊನೆಗೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಬಾಯಿಬಿಟ್ಟಳು. ಸುಂದರವ್ವ ತಿರುಗಿಯೂ ನೋಡಲಿಲ್ಲ.

"ಅಂಜಿಕಿ ಆದ್ರ ಬಿಟ್ಟಬಿಡು. ಯಾರ ತುಳಿ ಅಂದಾರ ನಿನಗ?"

ಅಳು ಬರುವಷ್ಟು ಬೇಜಾರಾಯಿತು ಮಾಯಾಗೆ. ಬಿಡುವುದಕ್ಕೆ ಇಷ್ಟು ಕಷ್ಟಪಟ್ಟೆನೇ? ಮರುದಿನ ಎಲ್ಲರಿಗಿಂತ ಮೊದಲು ಅವಳೇ ರಸ್ತೆಯಲ್ಲಿದ್ದಳು. ಸನ್ಮತಿ ಸರ್ ಎಂದಿನಂತೆ ಸ್ಕೂಟರ್ ಪಕ್ಕಕ್ಕೆ ತಂದರು. ಬೀಳಗಿ ಇಳಿಜಾರು ಬಂದಾಗ, ನುಂಗಲಾರದ ಕಷಾಯ ಉಗುಳಿದ ಹಾಗೆ, "ಅಂಜಿಕಿ ಬಂತು," ಎಂದಳು.

"ಬರಲಿ. ತಿರುವಿಗಿಂತ ಮೊದಲ ಬ್ರೇಕ್ ಹಿಡಿ. ತಿರುವಿನ್ಯಾಗ ಬಿಡು."

ಅಷ್ಟೇ. ಅಂಜಿಕೆ ಹೋಗಲಿಲ್ಲ. ದಿನಾಲೂ ಅದೇ ತಿರುವಿಗೆ ಬಂದು ಕಾಯುತ್ತಿತ್ತು. ಆದರೆ ಹೆಸರಿಟ್ಟು ಕರೆದ ಮೇಲೆ ಅದು ಬರುವ ಹೊತ್ತು ಅವಳಿಗೆ ಗೊತ್ತಾಗುತ್ತ ಬಂತು. ಕೈ ಅದಕ್ಕಿಂತ ಮೊದಲೇ ಬ್ರೇಕಿಗೆ ಹೋಗಿ, ತಿರುವಿನಲ್ಲಿ ಬಿಡುವುದನ್ನು ಕಲಿಯಿತು.

ರಾಜ್ಯ ತಂಡದ ಆಯ್ಕೆಯ ಪಂದ್ಯ ಮುಧೋಳದಲ್ಲಿ ನಡೆಯಿತು. ಮೊದಲಿಬ್ಬರಿಗೆ ತಂಡದಲ್ಲಿ ಜಾಗ. ವಿಜಯಪುರದ ಕಾವೇರಿಯನ್ನು ಗೆಲ್ಲುವವರು ಆಗ ಯಾರೂ ಇರಲಿಲ್ಲ. ದಾರಿಯಲ್ಲಿದ್ದ ಒಂದೇ ಇಳಿಜಾರಿನಲ್ಲಿ ಕಾವೇರಿ ಬಾಣದ ಹಾಗೆ ಇಳಿದು ಹೋದಳು. ಮಾಯಾ ಬ್ರೇಕ್ ಹಿಡಿದಳು, ಬಿಟ್ಟಳು, ತಿರುವು ದಾಟಿದಳು. ಆದರೂ ನಡುವೆ ದೊಡ್ಡ ಅಂತರ ಬಿದ್ದಿತ್ತು. ಹಿಂದಿನಿಂದ ಇನ್ನೊಬ್ಬಳೂ ದಾಟಿ ಮುಂದೆ ಹೋದಳು.

"ಈಗ ಸಿಟ್ಟು ಬಂತು," ಎಂದಳು ಮಾಯಾ ಗಟ್ಟಿಯಾಗಿ. ಪಕ್ಕದ ಹುಡುಗಿ ಬೆಚ್ಚಿ ನೋಡಿದಳು. ಸಿಟ್ಟು ಕಿವಿಯವರೆಗೆ ಏರಿತ್ತು, ಕಾಲು ಜಾಡಿಸಲು ಕಾದಿತ್ತು. ಬಂದೀಯಲ್ಲ, ಹಿಂದ ಕುಂದರು, ಪೆಡಲ್ ಮುಟ್ಟಬ್ಯಾಡ ಎಂದು ಅದಕ್ಕೆ ಹೇಳಿ, ಮೊದಲಿನ ಲಯದಲ್ಲೇ ತುಳಿಯುತ್ತ ಹೋದಳು. ಇಡೀ ಬದುಕಿನಲ್ಲಿ ಅಷ್ಟು ಕಷ್ಟದ ಕೆಲಸ ಅವಳು ಮಾಡಿರಲಿಲ್ಲ. ಎದುರುಗಾಳಿ ಶುರುವಾದಲ್ಲಿ, ತನ್ನನ್ನು ದಾಟಿದ್ದ ಹುಡುಗಿ ದಣಿದು ಹಿಂದೆ ಬಿದ್ದಳು. ಕೊನೆಯ ನೇರ ರಸ್ತೆಯಲ್ಲಿ ಕಾವೇರಿಯ ಬೆನ್ನು ಕಂಡಿತು. ಆಗ ಇದ್ದಬದ್ದದ್ದನ್ನೆಲ್ಲ ಕಾಲಿಗೆ ಬಿಟ್ಟಳು. ಒಂದು ಗಾಲಿಯ ಅಂತರದಲ್ಲಿ ಕಾವೇರಿಯೇ ಗೆದ್ದಳು, ಮಾಯಾ ಎರಡನೆಯವಳಾದಳು.

ಸರ್ ಎಲ್ಲಿ ಎಂದು ನೋಡಿದರೆ, ಅವರು ಬೇಲಿಯ ಆಚೆ ಪಂದ್ಯದ ಕಾರ್ಯಕರ್ತನೊಬ್ಬನ ಅಂಗಿ ಹಿಡಿದು ನಿಂತಿದ್ದರು. ಕೊನೆಯ ಹಂತದಲ್ಲಿ ಅವರು ಪಂದ್ಯದ ರಸ್ತೆಗೆ ಸ್ಕೂಟರ್ ನುಗ್ಗಿಸಿದ್ದರಂತೆ, ಅವನು ಕೀಲಿ ಕಿತ್ತುಕೊಂಡಿದ್ದನಂತೆ. ಕೂಗಿ ಕೂಗಿ ದನಿ ಒಡೆದಿತ್ತು, ಮುಖ ಕೆಂಪಾಗಿತ್ತು. ತಂಡಕ್ಕೆ ಆಯ್ಕೆಯಾದ ಖುಷಿ ಇರಲಿ, ಕೂತು ನೀರು ಕುಡಿಯುವ ಯೋಗವೂ ಮಾಯಾಗೆ ಇರಲಿಲ್ಲ. ಸೈಕಲ್ ಬೇಲಿಗೆ ಒರಗಿಸಿ ಹೋಗಿ ಇಬ್ಬರ ನಡುವೆ ನಿಂತಳು. ಸರ್ ಪರವಾಗಿ ಕೈಮುಗಿದಳು, ಕೀಲಿ ಇಸಿದುಕೊಂಡಳು, ಬೇವಿನ ನೆರಳಿಗೆ ಕರೆತಂದು ಕೂರಿಸಿದಳು.

"ನೀ ಎರಡನೇ ನಂಬರ್ ಬಂದಿ," ಎಂದರು ಸರ್, ಅವಳಿಗೆ ಗೊತ್ತಿಲ್ಲವೇನೋ ಎಂಬಂತೆ.

ಈಗ ಮಾಯಾ ರಾಜ್ಯ ತಂಡದ ಶಿಬಿರದಲ್ಲಿದ್ದಾಳೆ. ಸಂಜೆ ಮನೆಗೆ ಫೋನ್ ಮಾಡಿದರೆ ದೂರು ಹೇಳುವುದೇ ಹೆಚ್ಚು.

"ಇಲ್ಲಿ ಎದಿಗಿ ಒಂದು ಪಟ್ಟಿ ಕಟ್ಟತಾರಬೇ. ಎದಿ ಎಷ್ಟ ಬಡಕೊಂತು ಅಂತ ಮಶೀನಿನ್ಯಾಗ ನೋಡಿ ನಾ ಅಂಜೀನೋ ಇಲ್ಲೋ ಅಂತ ಹೇಳತಾರ. ನನ್ನ ಕೇಳಿದ್ರ ನಾನ ಹೇಳತಿದ್ದಿಲ್ಲೇನು?"

"ಅದಿರಲಿ, ಊಟಾ ಹೆಂಗೈತಿ?" ಎಂದಳು ಸುಂದರವ್ವ.

"ಬರೇ ಅನ್ನಾ. ರೊಟ್ಟಿ ಮಾರಿನ ನೋಡಿಲ್ಲ."

ಅವ್ವ ರೊಟ್ಟಿ ಕಳಿಸುವ ದಾರಿ ಯೋಚಿಸತೊಡಗಿದಳು. ಮಾಯಾ ಆ ಶಿಬಿರದ ಸಾರನ್ನು ಬೈಯಲು ಶುರು ಮಾಡಿದಳು.