ಬಲಗಣ್ಣಿನ ಪೊರೆ

ಹಾವನ್ನು ಮನೆಯೊಳಗೆ ತರಲಿಕ್ಕೆ ನಾನು ಒಪ್ಪಿದ್ದೇ ಇಲ್ಲ. ಅಲ್ ವುಕೈರ್‌ನ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಬಟ್ಟೆ ಒಣಗಿಸಲಿಕ್ಕೇ ಜಾಗವಿಲ್ಲ, ಇನ್ನು ಹೆಬ್ಬಾವಿಗೆ ಎಲ್ಲಿಂದ? ಮಗಳ ಗೆಳತಿಯ ಮನೆಯವರು ಕತಾರ್ ಬಿಡುವಾಗ ಗಾಜಿನ ಪೆಟ್ಟಿಗೆ ಸಮೇತ ಇವಳ ಕೈಗೆ ಕೊಟ್ಟುಹೋದರು. ಎರಡು ಮೊಳದ್ದು. "ಮಾಫಿ ಮುಷ್ಕಿಲ್, ಏನೂ ತೊಂದರೆಯಿಲ್ಲ, ವಿಷ ಇಲ್ಲ" ಎಂದು ಗಂಡ ನಕ್ಕರು. ವಿಷದ ಪ್ರಶ್ನೆ ಅಲ್ಲ ಮಾರಾಯ್ರೇ! ಮೀಯದೆ ನಾಗಬನದ ಹತ್ತಿರವೂ ಸುಳಿಯದ ಮನೆಯವಳು ನಾನು. ಹೆಬ್ಬಾವು ನಾಗ ಅಲ್ಲ ಎಂದು ಬುದ್ಧಿಗೆ ಗೊತ್ತುಂಟು, ಎದೆಗೂ ಗೊತ್ತಾಗಬೇಕಲ್ಲ.

ಮಗಳು ಶಾಲೆಯವರ ಜೊತೆ ಎಂಟು ದಿನ ಒಮಾನಿಗೆ ಹೊರಟಳು. ಬ್ಯಾಗ್ ಹೆಗಲಿಗೇರಿಸುತ್ತ ಹೇಳಿದಳು: "ಅಮ್ಮಾ, ಅದು ಪೊರೆ ಬಿಡ್ತದೆ. ಕಣ್ಣು ವೈಟ್ ಆಗ್ತದೆ, ಹೆದರಬೇಡ. ಡೈಲಿ ಒದ್ದೆ ಬಟ್ಟೆ ಒಳಗೆ ಇಡು. ಪೊರೆ ಎಳೀಬೇಡ, ಪ್ಲೀಸ್."

ಆಯ್ತು ಅಂದೆ. ಮೂರು ದಿನ ಪೆಟ್ಟಿಗೆಯ ಮುಚ್ಚಳ ತೆಗೆಯುವ ಧೈರ್ಯ ಬರಲಿಲ್ಲ, ಬಟ್ಟೆ ಇಡಲೂ ಇಲ್ಲ. ಹೊರಗೆ ಸುಡುಬಿಸಿಲು, ಪಾಪ ಸೆಕೆಯಾದೀತು ಎಂದು ಆ ಕೋಣೆಯ ಎಸಿ ಮಾತ್ರ ಜೋರಾಗಿಟ್ಟೆ. ಗಂಡ ಮುಶೈರಿಬ್‌ನ ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅಡುಗೆಮನೆಗೂ ಕೇಳುತ್ತಿತ್ತು, ಹಾವು ಒಣ ಮೈಯನ್ನು ಪೆಟ್ಟಿಗೆಯೊಳಗಿನ ಕಲ್ಲಿಗೆ ಉಜ್ಜುವ ಸದ್ದು. ನಿಲ್ಲುತ್ತಿತ್ತು. ನಾನು ಉಸಿರು ಬಿಟ್ಟ ಕೂಡಲೇ ಮತ್ತೆ ಶುರುವಾಗುತ್ತಿತ್ತು.

ನಾಲ್ಕನೇ ದಿನ ಇಣುಕಿದೆ. ಎರಡೂ ಕಣ್ಣು ಬೆಳ್ಳಗೆ. ನಾನು ಎಡಕ್ಕೆ ಸರಿದರೆ ತಲೆ ಎಡಕ್ಕೆ, ಬಲಕ್ಕೆ ಸರಿದರೆ ಬಲಕ್ಕೆ. ಕುರುಡು ಕಣ್ಣು ನನ್ನನ್ನು ಹೇಗೆ ನೋಡೀತು? ಮಗಳು ಹೇಳಿದ್ದೆಲ್ಲ ತಲೆಯಿಂದ ಹಾರಿಹೋಯಿತು. ಉಳಿದದ್ದು ಒಂದೇ, ಮುನಿಸು ತಗ್ಗಬೇಕಾದರೆ ತನು ಎರೆಯಬೇಕು. ಊರಿನಲ್ಲಿ ನಾಗನ ಕಲ್ಲಿಗೆ ಹಾಲು, ಸೀಯಾಳ ಎರೆದು ಅರಸಿನ ಹಚ್ಚುತ್ತೇವಲ್ಲ, ಅದು. ಮಿಂದು ಬಂದು, ಸೂಪರ್ ಮಾರ್ಕೆಟ್ಟಿನ ಪ್ಯಾಕೆಟ್ ಹಾಲಿಗೆ ಅರಸಿನ ಕದಡಿ, ಮೇಲಿನಿಂದ ಹೊಯ್ದೆ. ಕಲ್ಲಿಗೆ ಎರೆಯುವುದನ್ನು ಜೀವದ ಮೈಮೇಲೆ ಎರೆದವಳು ನಾನೊಬ್ಬಳೇ ಇರಬೇಕು, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಆ ಎಸಿಯ ಗಾಳಿಗೆ ಹಾಲು ಮೈಮೇಲೆಯೇ ಒಣಗಿ ಗಟ್ಟಿಯಾಯಿತು. ಕೋಣೆಯಲ್ಲೆಲ್ಲ ಹುಳಿ ವಾಸನೆ.

ಏಳನೇ ದಿನ ಪೊರೆ ಕಳಚಿತು, ಇಡಿಯಾಗಿ ಅಲ್ಲ, ಚೂರು ಚೂರಾಗಿ. ಎಡಗಣ್ಣು ಕಪ್ಪಗೆ ಹೊಳೆಯಿತು. ಬಲಗಣ್ಣಿನ ಮೇಲೆ ಮಾತ್ರ ನೀರುಳ್ಳಿಯ ಒಳಸಿಪ್ಪೆಯಂಥದ್ದು ಸುಕ್ಕುಗಟ್ಟಿ ಕೂತಿತ್ತು. ಮರುದಿನ ಮಗಳು ಬರುತ್ತಾಳೆ. ಇಷ್ಟೇ ಇಷ್ಟು, ತೆಗೆದುಬಿಟ್ಟರೆ ಖಲಾಸ್ ಎಂದುಕೊಂಡು ಉಗುರು ಹಾಕಿದೆ. ಹಾವು ಮಿಸುಕಲಿಲ್ಲ. ಸಿಪ್ಪೆಯ ಜೊತೆ ಇನ್ನೇನೋ ಮೆತ್ತಗಿನದ್ದು ಹರಿದದ್ದು ಬೆರಳಿಗೆ ಗೊತ್ತಾಯಿತು. ಅರ್ಧ ಸಿಪ್ಪೆ ಅಲ್ಲೇ ಬಿಟ್ಟು ಕೈ ತೊಳೆದೆ. ಮೂರು ಸಲ ತೊಳೆದೆ.

ಮಗಳು ಬಂದವಳು ಕಿರುಚಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಉಗುರುಬೆಚ್ಚಗಿನ ನೀರಿನಲ್ಲಿ ಹಾವನ್ನು ಮುಳುಗಿಸಿ, ಒದ್ದೆ ಟವೆಲಿನ ಸುರುಳಿಯೊಳಗೆ ಹರಿಯಬಿಟ್ಟು ಉಳಿದ ಚೂರುಗಳನ್ನೆಲ್ಲ ತೆಗೆದಳು. ಕಣ್ಣಿಗೆ ಕೈ ಹಚ್ಚಲಿಲ್ಲ. "ಎಳೆದರೆ ಕಣ್ಣೇ ಹೋಗ್ತದೆ ಅಮ್ಮಾ. ನೆಕ್ಸ್ಟ್ ಪೊರೆಯ ಜೊತೆ ತಾನಾಗಿ ಬರ್ತದೆ. ಕಾಯುವ."

ಕಾದೆವು. ಒಂದು ತಿಂಗಳಿಗೂ ಹೆಚ್ಚು ದಿನ ನಾನೇ ಬಟ್ಟೆ ಒದ್ದೆ ಮಾಡಿ ಇಟ್ಟೆ, ಒಂದು ದಿನ ತಪ್ಪಿಸಲಿಲ್ಲ. ನಾನು ಮುಚ್ಚಳ ತೆಗೆದಾಗಲೆಲ್ಲ ಅದು ತಲೆ ತಿರುಗಿಸಿ ಬಲಗಣ್ಣನ್ನೇ ನನ್ನ ಕಡೆ ಮಾಡುತ್ತಿತ್ತು. ಮಗಳು ತೆಗೆದರೆ ಹಾಗೆ ಮಾಡುತ್ತಿರಲಿಲ್ಲ. ನನಗೆ ಭ್ರಮೆ ಅನ್ನಿ ಬೇಕಾದರೆ.

ಎರಡನೇ ಪೊರೆ ಕಾಲುಚೀಲ ಕಳಚಿದ ಹಾಗೆ ಇಡಿಯಾಗಿ ಬಂತು. ಮಗಳು ಕಿಟಕಿಯ ಬೆಳಕಿಗೆ ಹಿಡಿದಳು. ಎರಡೂ ಕಣ್ಣುಗಳ ಮೇಲಿನ ಸಿಪ್ಪೆಗಳೂ ಅದರಲ್ಲಿದ್ದವು. ಆಮೇಲೆ ಹಾವನ್ನೇ ಎತ್ತಿ ನೋಡಿದಳು. ಬಲಗಣ್ಣು ಕುಗ್ಗಿ, ಬೂದು ಬಣ್ಣಕ್ಕೆ ತಿರುಗಿ, ಒಳಗೆ ಹೋಗಿತ್ತು.

"ಅಮ್ಮಾ, ಈ ಕಣ್ಣಿಗೆ ನೀನು ಕೈ ಹಾಕಿದ್ಯಾ?"

ಹೌದು ಎನ್ನಲಿಕ್ಕೆ ಬಾಯಿ ತೆರೆದೆ. ಹಾವು ಅವಳ ಮೊಣಕೈ ಸುತ್ತಿಕೊಂಡು ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು.

"ಇಲ್ಲ. ನಾಗನಾಣೆ."

ನಮ್ಮ ಕಡೆ ಎಂಥ ಸುಳ್ಳನೂ ಈ ಆಣೆಯನ್ನು ಸುಳ್ಳಿಗೆ ಹಾಕುವುದಿಲ್ಲ. ಮಗಳಿಗೆ ನೆಟ್ಟಗೆ ಕನ್ನಡ ಬಾರದಿದ್ದರೂ ಇದೊಂದನ್ನು ಕಲಿಸಿದ್ದೆ. ಅವಳು ನಂಬಿದಳು. "ಸಾರಿ ಅಮ್ಮಾ, ನಿನ್ನನ್ನು ಡೌಟ್ ಮಾಡಿದೆ" ಎಂದು ನನ್ನ ಕೈ ಹಿಡಿದುಕೊಂಡಳು.